ಸರಳ ಜಾಲತಾಣ: ಯಾರಿಗೆ ಸರಳ?

“ನಮಗೆ ಸರಳವಾದ ಒಂದು ಜಾಲತಾಣ ಸಾಕು, ಯಾವುದರಲ್ಲಿ ಮಾಡಿಸಿದರೆ ಒಳ್ಳೆಯದು?” ಈ ಪ್ರಶ್ನೆ ಇತ್ತೀಚೆಗೆ ಮೂರು ಕಡೆಯಿಂದ ನನ್ನ ಬಳಿಗೆ ಬಂತು. ಕೇಳಿದವರಲ್ಲಿ ಒಬ್ಬರು ಸಕಲೇಶಪುರದ ಕಡೆ ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಾರೆ. ಇನ್ನೊಬ್ಬರು ತಾಲ್ಲೂಕು ಮಟ್ಟದ ಸಾಹಿತ್ಯ ಸಂಘವೊಂದರ ಕಾರ್ಯದರ್ಶಿ. ಮೂವತ್ತು ವರ್ಷಗಳ ಸ್ಮರಣ ಸಂಚಿಕೆಗಳು ಎಲ್ಲರಿಗೂ ಓದಲು ಸಿಗಬೇಕೆಂಬುದು ಅವರ ಆಸೆ. ಮೂರನೆಯದು ಇಳಕಲ್ ಸೀರೆ ಮಾರುವ ಒಂದು ಕುಟುಂಬ. ಮೂವರೂ ಆಡಿದ ಮಾತು ಒಂದೇ ಆದರೂ ಅದರ ಹಿಂದಿನ ಅರ್ಥ ಬೇರೆ ಬೇರೆಯಾಗಿತ್ತು. ಹೋಮ್‌ಸ್ಟೇಯವರಿಗೆ ಸರಳ ಎಂದರೆ ಖರ್ಚು ಕಡಿಮೆ. ಕಾರ್ಯದರ್ಶಿಯವರಿಗೆ ಸರಳ ಎಂದರೆ ಯಾರ ಬೆನ್ನು ಬೀಳದೆ ತಾವೇ ಬರಹ ಏರಿಸುವಂತಿರುವುದು. ಸೀರೆಯವರ ಮನಸ್ಸಿನಲ್ಲಿದ್ದದ್ದು ಬಿಳಿಯ ಹಿನ್ನೆಲೆಯಲ್ಲಿ ದೊಡ್ಡ ಚಿತ್ರವೊಂದು ಮಾತ್ರ ಇರುವ, ದೊಡ್ಡ ಊರಿನ ಮಳಿಗೆಗಳ ತಾಣದಂಥ ನೋಟ.

ಹೀಗಾಗಿ ಸರಳತೆಯ ಬಗ್ಗೆ ಮಾತಾಡುವಾಗ ಅದು ಯಾರಿಗೆ ಸರಳ ಎಂದು ಕೇಳಿಕೊಳ್ಳುವುದು ಅಗತ್ಯ. ಓದುವವರಿಗೆ ಸರಳವಾಗಿರುವುದು ಒಂದು, ನಡೆಸುವವರಿಗೆ ಸರಳವಾಗಿರುವುದು ಇನ್ನೊಂದು, ಹತ್ತು ವರ್ಷಗಳ ಮೇಲೂ ಉಳಿಸಿಕೊಳ್ಳಲು ಸರಳವಾಗಿರುವುದು ಮತ್ತೊಂದು. ಈ ಮೂರೂ ಒಂದೇ ಕಡೆ ಪೂರ್ತಿಯಾಗಿ ಒದಗುವ ವ್ಯವಸ್ಥೆಯನ್ನು ನಾನು ಈವರೆಗೆ ಕಂಡಿಲ್ಲ. ಯಾವುದನ್ನು ಸ್ವಲ್ಪ ಬಿಟ್ಟುಕೊಡಬಹುದು ಎಂದು ಮೊದಲೇ ತೀರ್ಮಾನಿಸಿದವರಿಗೆ ಆಯ್ಕೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಅಳತೆಗೋಲುಗಳು

ಓದುವವರ ಕಡೆಯಿಂದ ನೋಡುವಾಗ ಮೊದಲ ಅಳತೆ ವೇಗ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಬೆರಳಿಟ್ಟ ಮೇಲೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು ಎಂಬುದು ಗೂಗಲ್ ಮುಂದಿಟ್ಟಿರುವ ಮಾನದಂಡ. ಬೆಂಗಳೂರಿನ ಕಚೇರಿಯ ವೈಫೈನಲ್ಲಿ ಕುಳಿತು ಪರೀಕ್ಷಿಸಿದರೆ ಎಂಥ ತಾಣವೂ ಇದರಲ್ಲಿ ತೇರ್ಗಡೆಯಾಗುತ್ತದೆ. ಘಾಟಿಯ ತಿರುವಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ, ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ, “ನಾಲ್ಕು ಜನ ಇದ್ದೇವೆ, ಕೋಣೆ ಸಿಗುತ್ತದೆಯೇ” ಎಂದು ಕೇಳಲು ನಂಬರು ಹುಡುಕುತ್ತಿರುವವರ ಸ್ಥಿತಿಯೇ ನಿಜವಾದ ಪರೀಕ್ಷೆ. ಮೊಬೈಲ್ ಡೇಟಾ ಅಗ್ಗವಾಗಿರುವ ನಮ್ಮ ದೇಶದಲ್ಲಿ ಪುಟದ ತೂಕ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಜಾವಾಸ್ಕ್ರಿಪ್ಟ್ (ಪುಟಕ್ಕೆ ಚಲನೆ, ಸ್ಪಂದನೆ ಕೊಡುವ ಪ್ರೋಗ್ರಾಂ ಭಾಷೆ) ಹೆಚ್ಚಾದಂತೆ ಅದನ್ನು ಇಳಿಸಿಕೊಂಡ ಮೇಲೂ ಫೋನಿನ ಪ್ರೊಸೆಸರ್ ಅದನ್ನು ಓದಿ ನಡೆಸಬೇಕಾಗುತ್ತದೆ, ಮತ್ತು ಅಗ್ಗದ ಫೋನಿನಲ್ಲಿ ತಡವಾಗುವುದು ಅಲ್ಲಿಯೇ.

ತೂಕದ ಅಂದಾಜಿಗೆ ಒಂದು ಲೆಕ್ಕ ನೋಡಬಹುದು. ಇಂದು ಸಾಮಾನ್ಯ ಜಾಲಪುಟವೊಂದರ ಗಾತ್ರ 2 ಎಂಬಿಯನ್ನು ದಾಟಿದೆ. ಯೂನಿಕೋಡಿನ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ) ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತ) 3 ಬೈಟ್ ಬೇಕು. ಹಾಗಿದ್ದರೂ ಎರಡೂವರೆ ಸಾವಿರ ಪದಗಳ ಪ್ರಬಂಧವೊಂದು 60 ಕೆಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಸರ್ವರ್ (ತಾಣವನ್ನು ಇಟ್ಟಿರುವ ಕಂಪ್ಯೂಟರ್) ಅದನ್ನು ಕುಗ್ಗಿಸಿ ಕಳುಹಿಸಿದಾಗ ಅದರ ಕಾಲು ಭಾಗದಷ್ಟಾಗುತ್ತದೆ. ಸರ್ವರ್‌ಗಳು ಮೊದಲ ಸುತ್ತಿನಲ್ಲಿ, ಅತ್ತ ಕಡೆಯಿಂದ ಉತ್ತರ ಬರುವುದನ್ನು ಕಾಯದೆ, ಸಾಮಾನ್ಯವಾಗಿ ಹತ್ತು ಪೊಟ್ಟಣಗಳನ್ನು (ಮಾಹಿತಿಯ ತುಣುಕುಗಳನ್ನು), ಅಂದರೆ ಸುಮಾರು 14 ಕೆಬಿಯನ್ನು ಕಳುಹಿಸುತ್ತವೆ. ಎಂದರೆ ಬರೀ ಬರಹವಿರುವ ಪುಟ ಹೆಚ್ಚುಕಡಿಮೆ ಒಂದೇ ಉಸಿರಿನಲ್ಲಿ ತಲುಪಿಬಿಡುತ್ತದೆ. ಫೋನಿನಿಂದ ತೆಗೆದು ಹಾಗೆಯೇ ಏರಿಸಿದ 4 ಎಂಬಿಯ ಒಂದು ಫೋಟೋ ಇಂಥ ಅರವತ್ತಕ್ಕೂ ಹೆಚ್ಚು ಪ್ರಬಂಧಗಳಿಗೆ ಸಮ.

ಎರಡನೆಯ ಅಳತೆ ಕನ್ನಡದ್ದು, ಮತ್ತು ಇಂಗ್ಲಿಷಿಗಾಗಿ ಸಿದ್ಧಗೊಂಡ ಥೀಮುಗಳನ್ನು (ತಾಣದ ಸಿದ್ಧ ವಿನ್ಯಾಸಗಳನ್ನು) ತಂದು ಕನ್ನಡ ತುಂಬುವವರು ಇದನ್ನೇ ಮರೆಯುತ್ತಾರೆ. ನಮ್ಮ ಅಕ್ಷರಗಳು ಮೇಲೆ ಗುಣಿತ, ಕೆಳಗೆ ಒತ್ತು ಹೊತ್ತು ಬರುತ್ತವೆ; ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇರದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದಂತೆ ಕಾಣುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ನಮ್ಮಲ್ಲಿ ಇಲ್ಲ. ಆದ್ದರಿಂದ ಶೀರ್ಷಿಕೆಯನ್ನು ಗಾತ್ರ ಮತ್ತು ದಪ್ಪದಿಂದಲೇ ಎತ್ತಿ ತೋರಿಸಬೇಕು, ಓರೆ ಅಕ್ಷರವೂ ನಮಗೆ ಒಗ್ಗುವುದಿಲ್ಲ. ನಾಲ್ಕು ಅಕ್ಷರದ ಇಂಗ್ಲಿಷ್ ಪದಕ್ಕೆಂದು ಅಳತೆ ಮಾಡಿದ ಗುಂಡಿಯಲ್ಲಿ “ನೋಂದಾಯಿಸಿಕೊಳ್ಳಿ” ಎಂದು ಬರೆದಾಗ ಅದು ಎರಡು ಸಾಲಾಗಿ ಒಡೆಯುವುದನ್ನು ಎಲ್ಲರೂ ನೋಡಿರುತ್ತೀರಿ. ಬಿಳಿಯ ಮೇಲೆ ತೆಳು ಬೂದು ಬಣ್ಣದ ಬರಹ ಈಚಿನ ಫ್ಯಾಷನ್. ಆದರೆ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ಜಾಲತಾಣಗಳ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎಳೆಗಳು ತೆಳುವಾಗಿ ಸುತ್ತಿಕೊಂಡಿರುವ ಕನ್ನಡ ಲಿಪಿಗೆ ಅದಕ್ಕಿಂತ ತುಸು ಹೆಚ್ಚೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಫಾಂಟಿನ ವಿಷಯದಲ್ಲಿ ಸರಳ ದಾರಿ ಒಂದಿದೆ. ಒತ್ತಕ್ಷರಗಳ ರೂಪಗಳೆಲ್ಲ ಸೇರಬೇಕಾದ್ದರಿಂದ ಕನ್ನಡ ಫಾಂಟಿನ ಕಡತ ಇಂಗ್ಲಿಷಿನದಕ್ಕಿಂತ ಹಲವು ಪಟ್ಟು ದೊಡ್ಡದು. ಬೇರೆ ಬೇರೆ ದಪ್ಪದ ಮೂರು ನಾಲ್ಕು ಕಡತಗಳನ್ನು ಸೇರಿಸಿದರೆ ಬರಹಕ್ಕಿಂತ ಫಾಂಟೇ ಭಾರವಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಮೊದಲೇ ಇರುತ್ತವೆ. ಓದುವವರ ಯಂತ್ರದಲ್ಲಿರುವ ಫಾಂಟನ್ನೇ ಬಳಸಿಕೊಂಡರೆ ಏನನ್ನೂ ಇಳಿಸಿಕೊಳ್ಳುವ ಅಗತ್ಯವಿಲ್ಲ. ಶೀರ್ಷಿಕೆಗೆ ಮಾತ್ರ ಒಂದು ಸೊಗಸಿನ ಫಾಂಟ್ ಇರಲಿ ಎನ್ನುವವರಿಗೆ ಅನೆಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದವು ಉಚಿತವಾಗಿ ದೊರೆಯುತ್ತವೆ. ಒಂದೇ ದಪ್ಪವನ್ನು ಆರಿಸಿಕೊಂಡರೆ ಸಾಕು.

ಮೂರನೆಯ ಅಳತೆ ನಿರ್ವಹಣೆ: ತಾಣ ನಿಲ್ಲದಂತೆ ನೋಡಿಕೊಳ್ಳಲು ಯಾರು, ಎಷ್ಟು ಬಾರಿ, ಏನು ಮಾಡಬೇಕು? ನಾಲ್ಕನೆಯದು ಬಾಳಿಕೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣದ ಪುಟಗಳನ್ನು ಇಂದಿನ ಫೋನಿನ ಬ್ರೌಸರಿನಲ್ಲೂ ಓದಬಹುದು. ಅವುಗಳಲ್ಲಿ ಬರಹ ಮತ್ತು ಕೊಂಡಿಗಳ ಹೊರತು ಬೇರೇನೂ ಇಲ್ಲ. ಅದಕ್ಕೆ ಎಷ್ಟೋ ವರ್ಷ ತರುವಾಯ, ಅದ್ಧೂರಿಯಾಗಿ, ಚಲಿಸುವ ಚಿತ್ರಗಳ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ ಕಟ್ಟಿದ ತಾಣಗಳು ಅಡೋಬಿ 2020ರ ಕೊನೆಗೆ ಅದರ ಬೆಂಬಲ ನಿಲ್ಲಿಸಿದಾಗ ಕಣ್ಮುಚ್ಚಿದವು. ಪರರ ಅಂಗಳದಲ್ಲಿ ಕಟ್ಟಿದವುಗಳ ಗತಿಯೂ ಭಿನ್ನವಲ್ಲ. ಉಚಿತವಾಗಿ ಪುಟ ಕಟ್ಟಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನ ಜೊತೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ಜಾಲತಾಣಗಳು 2024ರ ಮಾರ್ಚಿನಲ್ಲಿ ನಿಂತುಹೋದವು.

ಬೆಲೆ ಕೊನೆಯ ಅಳತೆ, ಮತ್ತು ಅದರಲ್ಲಿ ಒಂದೇ ಎಚ್ಚರಿಕೆ: ಮೊದಲ ವರ್ಷದ ದರವನ್ನು ನೋಡಿ ಆರಿಸಬೇಡಿ, ನವೀಕರಣದ ದರವನ್ನು ಕೇಳಿ. ನೂರಾರು ರೂಪಾಯಿಗೆ ದೊರೆಯುವ ಹೋಸ್ಟಿಂಗ್ (ತಾಣ ಇಡಲು ಸರ್ವರಿನಲ್ಲಿ ಬಾಡಿಗೆ ಜಾಗ) ಎರಡನೆಯ ಅವಧಿಯಲ್ಲಿ ಎರಡು ಮೂರು ಪಟ್ಟಾಗುವುದು ಈ ವ್ಯಾಪಾರದ ವಾಡಿಕೆ.

ಕೈಯಿಂದ ಬರೆದ ಪುಟ

ಎಚ್‌ಟಿಎಂಎಲ್ (ಪುಟದ ಬರಹವನ್ನು ಗುರುತಿಸುವ ಭಾಷೆ) ಮತ್ತು ಅದರ ನೋಟ ತೀರ್ಮಾನಿಸುವ ಒಂದಿಷ್ಟು ಸಿಎಸ್‌ಎಸ್ ಮಾತ್ರ ಬಳಸಿ, ಸಾಮಾನ್ಯ ಪಠ್ಯ ಸಂಪಾದಕದಲ್ಲಿ ಬರೆದ ಪುಟ ಓದುವವರ ದೃಷ್ಟಿಯಿಂದಲೂ ಬಾಳಿಕೆಯ ದೃಷ್ಟಿಯಿಂದಲೂ ಎಲ್ಲಕ್ಕಿಂತ ಮೇಲು. ಇದರಲ್ಲಿ ಡೇಟಾಬೇಸ್ ಇಲ್ಲ. ಹೊಸ ಆವೃತ್ತಿಗೆ ಏರಿಸುವ ಗೋಜಿಲ್ಲ. ಕನ್ನ ಹಾಕುವವರಿಗೆ ಹಿಂಬಾಗಿಲು ಎಂಬುದೇ ಬಹುತೇಕ ಇಲ್ಲ. ಗಿಟ್‌ಹಬ್ ಪೇಜಸ್‌ನಂಥ ಕಡೆ 1 ಜಿಬಿಯವರೆಗಿನ ತಾಣವನ್ನು ಉಚಿತವಾಗಿ ಇಡಬಹುದು. ಭದ್ರತಾ ಪ್ರಮಾಣಪತ್ರಕ್ಕೂ ಈಗ ಹಣ ಕೊಡಬೇಕಾಗಿಲ್ಲ. ಉಳಿಯುವ ಖರ್ಚು ಸ್ವಂತ ಹೆಸರಿನ ಡೊಮೈನಿನದು (ತಾಣದ ವಿಳಾಸದ್ದು) ಮಾತ್ರ, ವರ್ಷಕ್ಕೆ ಸುಮಾರು ಸಾವಿರ ರೂಪಾಯಿ. ಪುಟದ ಭಾಷೆ ಕನ್ನಡ ಎಂದು ಸೂಚಿಸುವ ಒಂದು ಗುರುತನ್ನು ಮೊದಲ ಸಾಲಿನಲ್ಲೇ ಹಾಕಿಬಿಟ್ಟರೆ, ದೃಷ್ಟಿದೋಷವಿರುವವರ ಫೋನು ಅದನ್ನು ಕನ್ನಡದ ದನಿಯಲ್ಲೇ ಓದಿ ಹೇಳಲು ನೆರವಾಗುತ್ತದೆ. ಸಿದ್ಧ ಥೀಮುಗಳಲ್ಲಿ ಈ ಗುರುತು ಬಹಳ ಸಲ ಇಂಗ್ಲಿಷ್ ಎಂದೇ ಉಳಿದುಬಿಟ್ಟಿರುತ್ತದೆ.

ಇದರ ಬೆಲೆ ತೆರಬೇಕಾದವರು ನಡೆಸುವವರು. ಒಂದು ದರ ಬದಲಿಸಬೇಕಾದರೂ ಕಡತ ತೆರೆದು, ಕೋನ ಆವರಣಗಳ ನಡುವೆ ಕೈಯಾಡಿಸಿ, ಮತ್ತೆ ಏರಿಸಬೇಕು. ಐದು ಪುಟಗಳಿದ್ದರೆ ಇದು ಮಧ್ಯಾಹ್ನದ ಕೆಲಸ. ಐವತ್ತಾದಾಗ ಮೆನುವಿನಲ್ಲಿ ಒಂದು ಪದ ಬದಲಿಸಲು ಐವತ್ತೂ ಕಡತಗಳನ್ನು ತಿದ್ದಬೇಕಾಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬದಲಾಗುವ, ಹತ್ತರೊಳಗಿನ ಪುಟಗಳ ತಾಣಕ್ಕೆ ಇದನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ.

ಅಚ್ಚು ಹಾಕಿ ಕೊಡುವ ತಂತ್ರಾಂಶಗಳು

ಪುಟಗಳು ಹೆಚ್ಚಾದವರಿಗೆ ಜೆಕಿಲ್ (2008), ಹ್ಯೂಗೋ (2013) ಮುಂತಾದ ತಂತ್ರಾಂಶಗಳಿವೆ. ಬರಹಗಳನ್ನು ಸಾದಾ ಪಠ್ಯದ ಕಡತಗಳಾಗಿ ಇಟ್ಟುಕೊಂಡು, ವಿನ್ಯಾಸವನ್ನು ಒಂದು ಅಚ್ಚಿನಲ್ಲಿ ಪ್ರತ್ಯೇಕವಾಗಿರಿಸಿ, ಆಜ್ಞೆ ಕೊಟ್ಟ ಕೂಡಲೇ ಎಲ್ಲ ಪುಟಗಳನ್ನೂ ಎರಕ ಹೊಯ್ದು ಕೊಡುವುದು ಇವುಗಳ ಕೆಲಸ. ಓದುವವರಿಗೆ ತಲುಪುವುದು ಕೈಯಿಂದ ಬರೆದಷ್ಟೇ ಹಗುರವಾದ ಪುಟ. ಬರಹಗಳೆಲ್ಲ ಸಾದಾ ಕಡತಗಳಾಗಿ ನಿಮ್ಮ ಬಳಿಯೇ ಉಳಿಯುವುದರಿಂದ ನಾಳೆ ಈ ತಂತ್ರಾಂಶವೇ ಇಲ್ಲವಾದರೂ ಬರಹ ಕೈತಪ್ಪುವುದಿಲ್ಲ.

ತೊಡಕಿರುವುದು ಕಲಿಕೆಯಲ್ಲಿ. ಕಮಾಂಡ್ ಸಾಲಿನ ಕಪ್ಪು ಪರದೆ ಕಂಡರೆ ಹೆದರದ ಒಬ್ಬರಾದರೂ ತಂಡದಲ್ಲಿ ಖಾಯಂ ಇರಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಳೆಯ ಅಚ್ಚು ಕೆಲಸ ಮಾಡದೆ ಹೋಗುವುದೂ ಉಂಟು. ಯಾವ ಆವೃತ್ತಿಯಲ್ಲಿ ಕಟ್ಟಿದಿರೋ ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದನ್ನೇ ಬಳಸುತ್ತ ಹೋಗುವುದು ಕ್ಷೇಮ. ಸ್ವಂತ ಬರಹಗಳನ್ನು ಪ್ರಕಟಿಸುವ, ತಂತ್ರಜ್ಞಾನದ ಅಭ್ಯಾಸವಿರುವ ಲೇಖಕರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪದಾಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವ ಸಂಘಕ್ಕೆ ಇದನ್ನು ಹಚ್ಚಿಕೊಟ್ಟರೆ ಮುಂದಿನ ಕಾರ್ಯದರ್ಶಿ ನಿಮ್ಮನ್ನು ಬೈದುಕೊಳ್ಳುವುದು ಖಚಿತ.

ವರ್ಡ್‌ಪ್ರೆಸ್: ಒಂದೇ ಹೆಸರು, ಎರಡು ವಸ್ತು

ಬ್ರೌಸರಿನಲ್ಲೇ ಬರಹ ಏರಿಸಿ ತಾಣ ನಡೆಸುವ ತಂತ್ರಾಂಶವಾಗಿ 2003ರಲ್ಲಿ ಬಂದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚನ್ನು ನಡೆಸುತ್ತಿದೆ. ಇಮೇಲ್ ಬರೆಯಲು ಬಲ್ಲ ಯಾರಾದರೂ ಇದರಲ್ಲಿ ಬರಹ ಏರಿಸಬಹುದು, ನಿರ್ವಹಣಾ ಫಲಕವನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು, ಹತ್ತು ಜನರಿಗೆ ಹತ್ತು ಬಗೆಯ ಅಧಿಕಾರ ಕೊಡಬಹುದು. ನಡೆಸುವವರ ಸರಳತೆಯಲ್ಲಿ ಇದಕ್ಕೆ ಸರಿಸಾಟಿಯಾದುದು ಕಡಿಮೆ. ಬರಹಗಳನ್ನೆಲ್ಲ ಒಟ್ಟಿಗೆ ಹೊರತೆಗೆದು ಬೇರೆಡೆಗೆ ಒಯ್ಯುವ ಸೌಲಭ್ಯವೂ ಇದೆ.

ಆದರೆ “ವರ್ಡ್‌ಪ್ರೆಸ್‌ನಲ್ಲಿ ಮಾಡಿಕೊಡುತ್ತೇವೆ” ಎಂಬ ಮಾತು ಎರಡು ತೀರಾ ಬೇರೆ ಸರಕುಗಳನ್ನು ಸೂಚಿಸುತ್ತದೆ. ಅದರ ಜೊತೆಗೇ ಬರುವ ಹಗುರ ಥೀಮು, ಅನಿವಾರ್ಯವಾದ ಮೂರು ನಾಲ್ಕು ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ), ಚಿತ್ರಗಳನ್ನು ಕುಗ್ಗಿಸಿ ಏರಿಸುವ ಶಿಸ್ತು ಇವಿಷ್ಟಿದ್ದರೆ ಮೊದಲನೆಯದು. ಸಿದ್ಧ ಥೀಮೊಂದನ್ನು ಕೊಂಡು, ಅದರ ಮೇಲೆ ಪುಟ ಕಟ್ಟುವ ಪ್ಲಗಿನ್ ಹೇರಿ, ತಿರುಗುವ ಚಿತ್ರಮಾಲೆ, ಪಾಪ್‌ಅಪ್, ಮೇಲಿಂದ ಉದುರುವ ಎಲೆಗಳು ಎಲ್ಲಕ್ಕೂ ಒಂದೊಂದು ಪ್ಲಗಿನ್ ಸೇರಿಸಿದ್ದು ಎರಡನೆಯದು. ಮೂವತ್ತು ಪ್ಲಗಿನ್ ಎಂದರೆ ಮೂವತ್ತು ಬೇರೆ ಬೇರೆ ಕೈಗಳು ಬರೆದ ಕೋಡ್. ಅದರಲ್ಲಿ ಒಂದನ್ನು ಬರೆದವರು ಕೈಬಿಟ್ಟರೂ ಕಳ್ಳನಿಗೆ ಬಾಗಿಲು ತೆರೆದಂತೆ. ವರ್ಡ್‌ಪ್ರೆಸ್ ತಾಣಗಳಿಗೆ ಬೀಳುವ ಕನ್ನದಲ್ಲಿ ಬಹುಪಾಲು ಮೂಲ ತಂತ್ರಾಂಶದ ದೋಷದಿಂದ ಅಲ್ಲ, ಹಳತಾದ ಪ್ಲಗಿನ್ನುಗಳ ಮೂಲಕವೇ ಆಗುತ್ತದೆ.

ತಿರುಗುವ ಚಿತ್ರಮಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಮೆರಿಕದ ನೋಟರ್‌ಡೇಮ್ ವಿಶ್ವವಿದ್ಯಾಲಯದ ಮುಖಪುಟದಲ್ಲಿ ಅಂಥ ಚಿತ್ರಮಾಲೆಯನ್ನು ಎಷ್ಟು ಜನ ಒತ್ತುತ್ತಾರೆ ಎಂದು ಅಲ್ಲಿನವರೇ 2013ರಲ್ಲಿ ಎಣಿಸಿ ಪ್ರಕಟಿಸಿದಾಗ ಸಿಕ್ಕಿದ ಉತ್ತರ ಸುಮಾರು ನೂರಕ್ಕೆ ಒಬ್ಬರು. ಆ ಒಬ್ಬರೂ ಬಹುಮಟ್ಟಿಗೆ ಮೊದಲ ಚಿತ್ರವನ್ನೇ ಒತ್ತಿದ್ದರು. ನಮ್ಮಲ್ಲಿ ಸಂಘ ಸಂಸ್ಥೆಗಳ ತಾಣಗಳಲ್ಲಿ ಈ ಚಿತ್ರಮಾಲೆ ಉಳಿದುಕೊಂಡಿರುವುದಕ್ಕೆ ಓದುವವರು ಕಾರಣವಲ್ಲ. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ ಮೂವರ ಭಾವಚಿತ್ರಕ್ಕೂ ಮುಖಪುಟದಲ್ಲಿ ಜಾಗ ಕೊಡಬೇಕಾದ ಅನಿವಾರ್ಯತೆಯೇ ಕಾರಣ. ಅದಕ್ಕೆ ತಾಂತ್ರಿಕ ಪರಿಹಾರವಿಲ್ಲ.

ಕನ್ನಡದವರು ವರ್ಡ್‌ಪ್ರೆಸ್‌ನಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿ ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ಅದು ತಾನಾಗಿಯೇ ಅದರಿಂದ ವಿಳಾಸ ರಚಿಸಿಕೊಳ್ಳುತ್ತದೆ, ಆದರೆ ಕನ್ನಡದ ಒಂದೊಂದು ಸಂಕೇತವೂ ವಿಳಾಸದೊಳಗೆ ಶೇಕಡಾ ಚಿಹ್ನೆಗಳಿಂದ ಕೂಡಿದ 9 ಅಕ್ಷರಗಳಾಗಿ ಮಾರ್ಪಡುತ್ತದೆ. ವಿಳಾಸದ ಆ ಭಾಗಕ್ಕೆ ಇರುವ ಮಿತಿ 200 ಅಕ್ಷರ. ಹೀಗಾಗಿ ಗುಣಿತ, ಒತ್ತು ಎಲ್ಲ ಸೇರಿ ಸುಮಾರು 22 ಸಂಕೇತ ಮುಗಿಯುವಷ್ಟರಲ್ಲಿ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಮತ್ತು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿ ಅರ್ಥವಿಲ್ಲದ ಮಾಲೆಯಂತೆ ಕಾಣುತ್ತದೆ. ಪ್ರತಿ ಬರಹಕ್ಕೂ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದದ ವಿಳಾಸವನ್ನು ಕೈಯಾರೆ ಬರೆಯುವ ಅಭ್ಯಾಸ ಮಾಡಿಕೊಂಡರೆ ಇದು ತಪ್ಪುತ್ತದೆ.

ಖರ್ಚು ಡೊಮೈನ್ ಮತ್ತು ಹೋಸ್ಟಿಂಗ್ ಸೇರಿ ವರ್ಷಕ್ಕೆ ಮೂರರಿಂದ ಆರು ಸಾವಿರ ಎಂದಿಟ್ಟುಕೊಳ್ಳಿ. ಅದಕ್ಕೆ ತಿಂಗಳಿಗೊಮ್ಮೆ ಅರ್ಧ ಗಂಟೆಯ ಕೆಲಸ ಸೇರಿಸಿ: ಹೊಸ ಆವೃತ್ತಿಗೆ ಏರಿಸುವುದು, ಬ್ಯಾಕಪ್ ತೆಗೆದು ತಮ್ಮ ಬಳಿ ಇಟ್ಟುಕೊಳ್ಳುವುದು. ಆ ಅರ್ಧ ಗಂಟೆ ಕೊಡುವವರು ಯಾರೂ ಇಲ್ಲದಿದ್ದರೆ ವರ್ಡ್‌ಪ್ರೆಸ್ ನಿಮಗಲ್ಲ.

ಬಾಡಿಗೆ ಮನೆಗಳು

ವಿಕ್ಸ್‌ನಂಥ ಎಳೆದು ತಂದು ಜೋಡಿಸುವ ಸೇವೆಗಳು ಶುರುಮಾಡುವವರಿಗೆ ಬಹಳ ಹಿತ. ಒಂದು ಸಂಜೆಯಲ್ಲಿ ತಾಣ ಎದ್ದು ನಿಲ್ಲುತ್ತದೆ, ಭದ್ರತೆಯ ಚಿಂತೆ ಅವರದು. ಉಚಿತ ಯೋಜನೆಯಲ್ಲಿ ಅವರ ಜಾಹೀರಾತು ನಿಮ್ಮ ಪುಟದ ಮೇಲಿರುತ್ತದೆ. ಅದು ಬೇಡವೆಂದರೆ, ಸ್ವಂತ ಡೊಮೈನ್ ಬೇಕೆಂದರೆ, ತಿಂಗಳಿಗೆ ಕೆಲವು ನೂರು ರೂಪಾಯಿ. ಬಿಟ್ಟು ಹೊರಡುವಾಗ ಮಾತ್ರ ಕಷ್ಟ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆ ಸರ್ವರಿಗೆ ಒಯ್ಯಲು ಬರುವುದಿಲ್ಲ. ಪುಟಗಳೂ ಹಗುರವಲ್ಲ, ನೋಟ ಸರಳವಾಗಿದ್ದರೂ ಹಿಂದೆ ಜಾವಾಸ್ಕ್ರಿಪ್ಟಿನ ಹೊರೆ ಇರುತ್ತದೆ. ನಾನು ಮೊದಲು ಹೇಳಿದ ಬಿಳಿಯ ಹಿನ್ನೆಲೆಯ ಸರಳತೆ ಬಹಳ ಸಲ ಇಂಥದ್ದು: ಕಣ್ಣಿಗೆ ಖಾಲಿ, ಫೋನಿಗೆ ಭಾರ.

ಗೂಗಲ್ ಸೈಟ್ಸ್ ಉಚಿತ, ಜಾಹೀರಾತಿಲ್ಲ, ಡ್ರೈವ್ ಬಳಸಬಲ್ಲವರಿಗೆ ಕಲಿಯುವುದೇನೂ ಇಲ್ಲ. ವಿನ್ಯಾಸದಲ್ಲಿ ಆಯ್ಕೆ ತೀರಾ ಕಡಿಮೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಗುಣವೇ, ಏಕೆಂದರೆ ಕೆಡಿಸಲು ಅವಕಾಶ ಸಿಗುವುದಿಲ್ಲ. ಶಾಲೆಯ ಪುಟ, ಕಾರ್ಯಕ್ರಮವೊಂದರ ವಿವರ, ನಾಲ್ಕಾರು ವರ್ಷದ ಮಟ್ಟಿಗಿನ ಯೋಜನೆಗಳಿಗೆ ಸಾಕಷ್ಟಾಯಿತು.

ಬ್ಲಾಗರ್ ಈಗ ಯಾರೂ ಮಾತಾಡದ ಆಯ್ಕೆ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಪಾಲಾದ ಈ ಸೇವೆಯಲ್ಲಿಯೇ ಕನ್ನಡದ ಎಷ್ಟೋ ಒಳ್ಳೆಯ ಗದ್ಯ ಮೊದಲು ಬೆಳಕು ಕಂಡಿದೆ. ಉಚಿತ, ಸ್ವಂತ ಡೊಮೈನ್ ಜೋಡಿಸಬಹುದು, ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ನೋಟ ಹಳೆಯದೆನಿಸಬಹುದು. ಸ್ವಂತ ಡೊಮೈನ್ ಮತ್ತು ವರ್ಷಕ್ಕೊಮ್ಮೆ ಇಳಿಸಿಕೊಂಡ ಪ್ರತಿ, ಈ ಎರಡು ನಿಮ್ಮ ಕೈಯಲ್ಲಿದ್ದರೆ ಬಾಡಿಗೆ ಮನೆಯ ಅಪಾಯ ಬಹುಪಾಲು ಕಳೆಯುತ್ತದೆ. ನಾಳೆ ಮನೆ ಖಾಲಿ ಮಾಡಿದರೂ ವಿಳಾಸ ಬದಲಾಗುವುದಿಲ್ಲ.

ಜಾಲತಾಣವೇ ಬೇಡ, ಗೂಗಲ್ ನಕ್ಷೆಯಲ್ಲಿ ಹೆಸರು ಮತ್ತು ಒಂದು ಇನ್‌ಸ್ಟಾಗ್ರಾಮ್ ಖಾತೆ ಸಾಕು ಎನ್ನುವವರಿಗೂ ಒಂದು ಮಾತು. ವ್ಯಾಪಾರ ಊರಿನೊಳಗಿನದಾದರೆ ಅವರ ಮಾತು ಸರಿ. ತೆಗೆಯುವ ವೇಳೆ, ಫೋನ್ ನಂಬರು, ದಾರಿ ಇಷ್ಟನ್ನು ನಕ್ಷೆಯೇ ಚೆನ್ನಾಗಿ ತೋರಿಸುತ್ತದೆ.

ಮೂವರಿಗೆ ನಾನು ಹೇಳಿದ್ದು

ಹೋಮ್‌ಸ್ಟೇಯವರ ಬಳಿ ಆಗಲೇ ಒಂದು ತಾಣ ಇತ್ತು, ಐದು ವರ್ಷದ ಹಿಂದೆ ಮಾಡಿಸಿದ್ದು. ತೆರೆದ ಕೂಡಲೇ ಮಂಜು ಮುಸುಕಿದ ಬೆಟ್ಟದ ವಿಡಿಯೊ ಓಡತೊಡಗುತ್ತಿತ್ತು. ಫೋನ್ ನಂಬರು ಕೊನೆಯಲ್ಲಿ, ಅದೂ ಚಿತ್ರದೊಳಗೆ ಬರೆದ ಅಕ್ಷರಗಳಲ್ಲಿ. ಆ ನಂಬರನ್ನು ಒತ್ತಿ ಕರೆ ಮಾಡಲು ಬರುತ್ತಿರಲಿಲ್ಲ, ನಕಲು ಮಾಡಿಕೊಳ್ಳಲೂ ಬರುತ್ತಿರಲಿಲ್ಲ. ಅವರ ತೋಟದಲ್ಲೇ ನಿಂತು ನನ್ನ ಫೋನಿನಲ್ಲಿ ತೆರೆದು ತೋರಿಸಿದೆ. ವಿಡಿಯೊ ಶುರುವಾಗುವ ಮೊದಲೇ ಸಿಗ್ನಲ್ ಹೋಯಿತು. ಅವರಿಗೆ ನಾನು ಹೇಳಿದ್ದು ಕೈಯಿಂದ ಬರೆದ ಮೂರೇ ಪುಟ: ಮೊದಲನೆಯದರ ಮೇಲ್ತುದಿಯಲ್ಲಿ ಒತ್ತಿದರೆ ಕರೆ ಹೋಗುವ ನಂಬರು, ಕೋಣೆಯ ದರ, ಊಟದಲ್ಲಿ ಏನಿರುತ್ತದೆ, ಎರಡನೆಯದರಲ್ಲಿ ತಲಾ 100 ಕೆಬಿಗೆ ಕುಗ್ಗಿಸಿದ ಎಂಟು ಚಿತ್ರ, ಮೂರನೆಯದರಲ್ಲಿ ದಾರಿ, ಮತ್ತು ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಓದಿ ನೆನಪಿಟ್ಟುಕೊಳ್ಳಬಹುದಾದ ಗುರುತುಗಳು. ದರ ಬದಲಿಸುವುದು ವರ್ಷಕ್ಕೊಮ್ಮೆ. ಅದಕ್ಕೆ ಪರಿಚಯದ ವಿದ್ಯಾರ್ಥಿಯೊಬ್ಬರ ಅರ್ಧ ಗಂಟೆ ಸಾಕು.

ಸಾಹಿತ್ಯ ಸಂಘದ ವಿಷಯ ಹೆಚ್ಚು ಸೂಕ್ಷ್ಮ. ಅವರ ಹಳೆಯ ಸಂಚಿಕೆಗಳೆಲ್ಲ ನುಡಿ, ಬರಹ ಎಂಬ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಷ್ಟೇ ಕಾಣುತ್ತದೆ, ಗೂಗಲ್ಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಿಂದೊಮ್ಮೆ ಯಾರೋ ಇವುಗಳ ಪುಟಗಳನ್ನು ಚಿತ್ರವಾಗಿ ಏರಿಸಿದ್ದರು. ಫೋನಿನಲ್ಲಿ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡಿ ಓದಬೇಕಿತ್ತು. ಯಾವ ತಂತ್ರಾಂಶ ಎನ್ನುವುದಕ್ಕಿಂತ ಮೊದಲು ಬರಹಗಳನ್ನು ಯೂನಿಕೋಡಿಗೆ ತನ್ನಿ ಎಂದೆ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವತ್ತು, ಉದ್ಧರಣ ಚಿಹ್ನೆಗಳ ಕಡೆ ಎಡವುತ್ತವೆ. ಕರಡು ತಿದ್ದುವ ಕಣ್ಣು ಬೇಕೇ ಬೇಕು. ನಿವೃತ್ತ ಮೇಷ್ಟ್ರುಗಳಿರುವ ಸಂಘಕ್ಕೆ ಅದು ಕಷ್ಟವಾಗಲಾರದು. ಆಮೇಲೆ ಹಗುರ ಥೀಮಿನ ವರ್ಡ್‌ಪ್ರೆಸ್. ವರ್ಷಕ್ಕೆ ಐದು ಸಾವಿರ ಕೂಡುವುದು ಕಷ್ಟವೆಂದರೆ ಸ್ವಂತ ಡೊಮೈನ್ ಜೋಡಿಸಿದ ಬ್ಲಾಗರ್. ಡೊಮೈನ್ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ ಇರಬೇಕು, ಗುಪ್ತಪದ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು ಎಂಬುದನ್ನು ಕಾರ್ಯಕಾರಿ ಸಮಿತಿಯ ನಡಾವಳಿಯಲ್ಲೇ ಬರೆಸಿ ಎಂದು ಸೇರಿಸಿದೆ. ತಾಣ ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕು ಪರದೇಶಕ್ಕೆ ಹೋದ ಮೇಲೆ, ನವೀಕರಣದ ನೆನಪೋಲೆಗಳೆಲ್ಲ ಅವನ ಹಳೆಯ ಇಮೇಲ್‌ಗೆ ಹೋಗುತ್ತ, ಹೆಸರೇ ಕೈತಪ್ಪಿದ ಎರಡು ಸಂಸ್ಥೆಗಳನ್ನು ನಾನೇ ಬಲ್ಲೆ.

ಸೀರೆಯವರ ವಿಷಯದಲ್ಲಿ ನನ್ನ ಸರಳತೆಯ ವಾದವನ್ನು ನಾನೇ ಸ್ವಲ್ಪ ಸಡಿಲಿಸಬೇಕಾಯಿತು. ಸೀರೆ ಕೊಳ್ಳುವವರಿಗೆ ಒಂದು ದೊಡ್ಡ ಚಿತ್ರ ಸಾಲದು. ಇಳಕಲ್ ಸೀರೆಯಲ್ಲಿ ಟೋಪ್ ತೆನಿ ಸೆರಗು ಹೇಗೆ ಬಂದಿದೆ, ದಡಿಯ ಅಗಲ ಎಷ್ಟು, ಮೈಯ ಬಣ್ಣ ಬಿಸಿಲಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಬೇರೆ ಬೇರೆಯಾಗಿ, ಹಿಗ್ಗಿಸಿ ನೋಡಬೇಕು. ಹತ್ತಿಯೋ ರೇಷ್ಮೆಯೋ, ಕೈಮಗ್ಗವೋ ಪವರ್‌ಲೂಮೋ ಎಂಬುದು ಬರಹದಲ್ಲಿರಬೇಕು. ಇಲ್ಲಿ ಕಡಿಮೆ ಮಾಡಬೇಕಾದ್ದು ಕೊಳ್ಳುವ ಮೆಟ್ಟಿಲುಗಳನ್ನೇ ಹೊರತು ಸೀರೆಯ ವಿವರಗಳನ್ನಲ್ಲ. ಒಂದೊಂದು ಸೀರೆಯೂ ಒಂದೇ ಇರುವ, ತಿಂಗಳಿಗೆ ಇಪ್ಪತ್ತು ಮೂವತ್ತು ಮಾರಾಟದ ಹಂತದಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ಸಿನ ಕ್ಯಾಟಲಾಗ್, ಯುಪಿಐ ಪಾವತಿ, ಮತ್ತು ತಮ್ಮ ಮಗ್ಗದ ಪರಿಚಯ ಹೇಳುವ ಸ್ವಂತ ಡೊಮೈನಿನ ಒಂದು ಪುಟ ಸಾಕು. ಕೊಳ್ಳುವವರು ಹೇಗೂ “ಇನ್ನೊಂದು ಫೋಟೋ ಕಳಿಸಿ” ಎನ್ನದೆ ಇರುವುದಿಲ್ಲ. ಮಾರಾಟ ನೂರು ದಾಟಿ, ಯಾವುದು ಉಳಿದಿದೆ ಯಾವುದು ಹೋಗಿದೆ ಎಂಬ ಲೆಕ್ಕ ಕೈಮೀರಿದಾಗ ಶಾಪಿಫೈನಂಥ ಬಾಡಿಗೆ ಅಂಗಡಿಗೆ ಹೋಗಬಹುದು. ತಿಂಗಳ ಬಾಡಿಗೆ ಜಾಸ್ತಿಯಾದರೂ ಪಾವತಿಯ ಭದ್ರತೆ ನಿಮ್ಮ ತಲೆಯ ಮೇಲಿರುವುದಿಲ್ಲ. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಎಂಬ ಅಂಗಡಿಯ ಪ್ಲಗಿನ್ ಹಾಕಿದರೆ ಬಾಡಿಗೆ ಉಳಿಯುತ್ತದೆ, ಆದರೆ ಹಬ್ಬದ ಹಿಂದಿನ ದಿನ ತಾಣ ಕೆಟ್ಟು ನಿಂತರೆ ರಿಪೇರಿಗೆ ಓಡಬೇಕಾದವರು ನೀವೇ.

ಮಾಡಿಕೊಡುವವರಿಗೆ ಮುಂಗಡ ಕೊಡುವ ಮೊದಲು ಅವರು ಈಗಾಗಲೇ ಮಾಡಿರುವ ಎರಡು ತಾಣಗಳ ವಿಳಾಸ ಪಡೆಯಿರಿ. ವೈಫೈ ಆರಿಸಿ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಅವನ್ನು ತೆರೆಯಿರಿ. ಅಕ್ಷರದ ಗಾತ್ರವನ್ನು ಎರಡು ಪಟ್ಟು ಹಿಗ್ಗಿಸಿದಾಗ ಸಾಲುಗಳು ಒಂದರ ಮೇಲೊಂದು ಏರುತ್ತವೆಯೇ ನೋಡಿ. ಪುಟದ ಒಂದು ಕನ್ನಡ ವಾಕ್ಯವನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಅದು ಕನ್ನಡವಾಗಿಯೇ ಬೀಳಬೇಕು. ಕೊನೆಗೆ, “ಎರಡು ವರ್ಷದ ನಂತರ ನಿಮ್ಮನ್ನು ಬಿಟ್ಟು ಬೇರೆಯವರ ಬಳಿ ಹೋಗಬೇಕೆಂದರೆ ನನ್ನ ಕೈಗೆ ಏನೇನು ಕೊಡುತ್ತೀರಿ” ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.